ಹುಳಿಯಿಲ್ಲದ ಅಪ್ಪ, ಬೆಲ್ಲದ ಕಾಯಿಹಾಲು: ಪವಿತ್ರ ಗುರುವಾರದ ಪೆಸಹಾ ಮಾಡುವುದು ಹೇಗೆ?

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ರಾತ್ರಿ, ಕೇರಳದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಚರ್ಚಿನಿಂದ ಬಂದ ಮೇಲೆ ಇನ್ನೊಂದು ಪ್ರಾರ್ಥನೆ ಇರುತ್ತದೆ. ಮನೆಯ ಹಿರಿಯರು ಹುಳಿ ಬರಿಸದ ಅಪ್ಪವನ್ನು ಕತ್ತರಿಸಿ ಎಲ್ಲರಿಗೂ ಹಂಚುತ್ತಾರೆ. ಈ ಆಚರಣೆಯೇ ಪೆಸಹಾ. ಬೆಳ್ತಂಗಡಿ ಕಡೆ ಬಂದು ನೆಲೆಸಿದ ಮಲಯಾಳಿ ಕುಟುಂಬಗಳೂ ಇದನ್ನು ಬಿಟ್ಟಿಲ್ಲ.

ಇದರ ಬೇರು ಯಹೂದಿಗಳ ಪಾಸ್ಕ ಹಬ್ಬದಲ್ಲಿದೆ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ರಾತ್ರಿ ಇಸ್ರಾಯೇಲರಿಗೆ ಹಿಟ್ಟು ಹುಳಿ ಬರುವ ತನಕ ಕಾಯಲು ಪುರುಸೊತ್ತಿರಲಿಲ್ಲ. ಆ ನೆನಪಿಗೆ ಅವರು ಇಂದಿಗೂ ಹುಳಿಯಿಲ್ಲದ ರೊಟ್ಟಿ ತಿನ್ನುತ್ತಾರೆ. ಯೇಸು ಶಿಷ್ಯರ ಜೊತೆ ಕೊನೆಯ ಊಟ ಮಾಡಿದ್ದೂ ಅದೇ ಹಬ್ಬದ ಹೊತ್ತಿನಲ್ಲಿ.

ತಯಾರಿ ಶುರುವಾಗುವುದು ಭಾನುವಾರ

ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಹಿಂದಿನ ಭಾನುವಾರ, ಚರ್ಚಿನಲ್ಲಿ ಕೊಟ್ಟ ಎಳೆ ತೆಂಗಿನ ಗರಿಯನ್ನು ಜೋಪಾನವಾಗಿ ಎತ್ತಿಡಿ. ಅಪ್ಪದ ಮೇಲಿನ ಶಿಲುಬೆಗೆ ಅದೇ ಬೇಕು. ಒಣಗಿದ ಗರಿ ಮಡಚುವಾಗ ಸೀಳುತ್ತದೆ, ಹಾಗಾಗಿ ಸ್ವಲ್ಪ ನೀರು ಸವರಿ ಮೆತ್ತಗೆ ಮಾಡಿಕೊಳ್ಳಿ.

ಎರಡು ಕಪ್ ಹುರಿದ ಅಕ್ಕಿ ಹಿಟ್ಟು, ಅರ್ಧ ಕಪ್ ಉದ್ದಿನಬೇಳೆ, ಒಂದು ಕಪ್ ತೆಂಗಿನ ತುರಿ, ನಾಲ್ಕು ಸಾಂಬಾರ್ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಉಪ್ಪು. ಅಪ್ಪಕ್ಕೆ ಇಷ್ಟೇ. ಉದ್ದನ್ನು ಮೂರು ಗಂಟೆ ನೆನೆಸಿ ನುಣ್ಣಗೆ ರುಬ್ಬಿ. ತೆಂಗಿನ ತುರಿ, ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ತರಿತರಿಯಾಗಿದ್ದರೆ ಸಾಕು. ಎಲ್ಲವನ್ನೂ ಅಕ್ಕಿ ಹಿಟ್ಟಿಗೆ ಸೇರಿಸಿ, ಇಡ್ಲಿ ಹಿಟ್ಟಿಗಿಂತ ಒಂಚೂರು ಗಟ್ಟಿಯಾಗಿ ಕಲಸಿ.

ಇಡ್ಲಿ ಅಭ್ಯಾಸದಲ್ಲಿ ಹಿಟ್ಟನ್ನು ರಾತ್ರಿಯಿಡೀ ಬಿಟ್ಟುಬಿಡಬೇಡಿ. ಏಪ್ರಿಲ್ ಸೆಕೆಯಲ್ಲಿ ಉದ್ದು ಸೇರಿದ ಹಿಟ್ಟು ಬೇಗ ಉಬ್ಬುತ್ತದೆ. ಹುಳಿ ಬಂದರೆ ಅದು ಪೆಸಹಾ ಅಪ್ಪವೇ ಅಲ್ಲ. ಯಹೂದಿಗಳ ನಿಯಮ ಇನ್ನೂ ಬಿಗಿ: ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ರೊಟ್ಟಿ ಬೆಂದಿರಬೇಕು. ನಮ್ಮಲ್ಲಿ ಅಂಥ ಗಡಿಯಾರದ ಲೆಕ್ಕ ಇಲ್ಲ, ಆದರೆ ಒಲೆ ಮೇಲೆ ನೀರು ಕುದಿಯಲು ಇಟ್ಟ ಮೇಲೆಯೇ ಹಿಟ್ಟು ಕಲಸುವುದು ಒಳ್ಳೆಯದು.

ಎಣ್ಣೆ ಸವರಿದ ತಟ್ಟೆಗೆ ಹಿಟ್ಟು ಸುರಿದು, ನಡುವೆ ಗರಿಯ ಶಿಲುಬೆ ಇಡಿ. ಒತ್ತಬೇಡಿ, ಒಳಗೆ ಮುಳುಗಿಬಿಡುತ್ತದೆ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ನೀರು ತೊಟ್ಟಿಕ್ಕಿ ಶಿಲುಬೆಯ ಸುತ್ತ ಗುಳಿ ಬೀಳುತ್ತದೆ. ಹಬೆಯಲ್ಲಿ ಅರ್ಧ ಗಂಟೆ ಬೇಯಲಿ. ಅಪ್ಪ ಉಬ್ಬುವುದಿಲ್ಲ, ಒತ್ತಾಗಿಯೇ ಇರುತ್ತದೆ. ಅದು ಹಾಗೇ ಇರಬೇಕು. ಶಿಲುಬೆ ಇರುವ ಕುರಿಶಪ್ಪಂ ಮನೆಗೆ ಒಂದೇ. ಉಳಿದ ಅಪ್ಪಗಳನ್ನು ಶಿಲುಬೆ ಇಲ್ಲದೆ ಬೇಯಿಸಿ.

ಹಾಲು

ಹಸುವಿನ ಹಾಲು ಬೇಡ. ಈಸ್ಟರ್‌ಗೆ ಮುಂಚಿನ ಐವತ್ತು ದಿನದ ಉಪವಾಸದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಬಿಡುವ ಪದ್ಧತಿ ಇದೆ. ಆದ್ದರಿಂದ ಇಲ್ಲಿ ಕಾಯಿಹಾಲು. ಮೂರು ಕಪ್ ತೆಳು ಕಾಯಿಹಾಲಿಗೆ ಕರಗಿಸಿ ಸೋಸಿದ ಕಾಲು ಕಿಲೋ ಬೆಲ್ಲ ಹಾಕಿ ಕುದಿಸಿ. ಎರಡು ಚಮಚ ಅಕ್ಕಿ ಹಿಟ್ಟನ್ನು ನೀರಿನಲ್ಲಿ ಕದಡಿ ಸೇರಿಸಿ, ಗಂಟಾಗದಂತೆ ಕೈಯಾಡಿಸಿ. ಒಣಶುಂಠಿ, ಏಲಕ್ಕಿ ಪುಡಿ ಹಾಕಿ. ಒಲೆ ಆರಿಸಿದ ಮೇಲೆ ಒಂದು ಕಪ್ ಗಟ್ಟಿ ಕಾಯಿಹಾಲು ಬೆರೆಸಿ, ಮತ್ತೆ ಕುದಿಸಿದರೆ ಒಡೆಯುತ್ತದೆ. ಈ ಹಾಲಿಗೂ ಒಂದು ಚಿಕ್ಕ ಗರಿ ಶಿಲುಬೆ ಹಾಕುವ ಮನೆಗಳಿವೆ.

ಹಂಚುವ ಕ್ರಮ

ಎಲ್ಲರೂ ಬಂದು ಕೂತ ಮೇಲೆಯೇ ಶುರು ಮಾಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮೇಣದಬತ್ತಿ ಹಚ್ಚಿ ಬೈಬಲಿನ ವಿಮೋಚನಕಾಂಡದ 12ನೇ ಅಧ್ಯಾಯ ಓದಿ. ಈ ಆಚರಣೆ ಯಾಕೆ ಎಂದು ಮಕ್ಕಳು ಕೇಳಿದರೆ ಉತ್ತರ ಹೇಳಬೇಕು ಎಂದು ಆ ಅಧ್ಯಾಯದಲ್ಲೇ ಇದೆ. ಯಹೂದಿಗಳ ಮನೆಯಲ್ಲಿ ಪಾಸ್ಕದ ರಾತ್ರಿ ಸಾಮಾನ್ಯವಾಗಿ ಎಲ್ಲರಿಗಿಂತ ಚಿಕ್ಕ ಮಗುವೇ ಪ್ರಶ್ನೆ ಕೇಳುತ್ತದೆ. ನಿಮ್ಮ ಮನೆಯಲ್ಲೂ ಮಕ್ಕಳು ಕೇಳಲಿ, ಅಜ್ಜ ಅಜ್ಜಿ ಹೇಳಲಿ.

ಆಮೇಲೆ ಹಿರಿಯರು ಶಿಲುಬೆ ತೆಗೆದು ಕುರಿಶಪ್ಪಂ ಕತ್ತರಿಸಿ, ದೊಡ್ಡವರಿಂದ ಚಿಕ್ಕವರವರೆಗೆ ವಯಸ್ಸಿನ ಪ್ರಕಾರ ಕೊಡುತ್ತಾರೆ. ಎರಡೂ ಕೈ ಚಾಚಿ ತಗೊಂಡು, ಹಾಲಿನಲ್ಲಿ ಅದ್ದಿ ತಿನ್ನಿ. ಒಂದು ಚೂರೂ ಕಸಕ್ಕೆ ಹೋಗಬಾರದು.

ಇದನ್ನು ಸೇಡರ್, ಅಂದರೆ ಯಹೂದಿಗಳ ಪಾಸ್ಕ ರಾತ್ರಿಯ ಊಟ, ಎಂದು ಕರೆಯಬೇಡಿ. ಸೇಡರ್ ಈಗಿನ ರೂಪ ಪಡೆದದ್ದು ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದ ಮೇಲೆ. ಅಮೆರಿಕದಲ್ಲಿ ಕೆಲವು ಚರ್ಚುಗಳು ಸೇಡರನ್ನೇ ಮಾಡಿ ತೋರಿಸುವುದುಂಟು, ಅನೇಕ ಯಹೂದಿಗಳಿಗೆ ಅದರಿಂದ ನೋವಾಗಿದೆ. ಅವರ ಪ್ರಾರ್ಥನೆ ಅವರದ್ದೇ ಅಲ್ವಾ? ಪೆಸಹಾ ತಲೆಮಾರುಗಳಿಂದ ಬಂದ ನಮ್ಮದೇ ಆಚರಣೆ, ಅದನ್ನೇ ಚೆನ್ನಾಗಿ ಮಾಡೋಣ. ಮೂಲ ಯಾರದ್ದು ಎಂಬುದನ್ನು ಮಕ್ಕಳಿಗೆ ಹೇಳೋಣ.

ಸೂತಕದ ಮನೆಗೆ

ಆ ವರ್ಷ ಸಾವಾದ ಮನೆಯಲ್ಲಿ ಪೆಸಹಾ ಅಪ್ಪ ಮಾಡುವುದಿಲ್ಲ. ನೆರೆಯವರು, ನೆಂಟರು ಒಯ್ದು ಕೊಡುತ್ತಾರೆ. ಇಡೀ ಆಚರಣೆಯಲ್ಲಿ ನನಗೆ ತುಂಬಾ ದೊಡ್ಡದೆನಿಸುವುದು ಇದೇ. ಪಾಸ್ಕದ ಊಟದ ಕುರಿಮರಿ ಒಂದು ಮನೆಗೆ ಜಾಸ್ತಿಯಾದರೆ ಪಕ್ಕದ ಮನೆಯವರ ಜೊತೆ ಸೇರಿಕೊಳ್ಳಿ ಎಂದು ವಿಮೋಚನಕಾಂಡವೂ ಹೇಳುತ್ತದೆ. ಹಾಗಾಗಿ ನಿಮ್ಮ ಬೀದಿಯಲ್ಲಿ ಅಂಥ ಮನೆ ಇದೆಯಾ ಎಂದು ಬುಧವಾರವೇ ವಿಚಾರಿಸಿ, ಅಳತೆ ದುಪ್ಪಟ್ಟು ಮಾಡಿ. ನಿಮ್ಮ ಮನೆಯ ಪ್ರಾರ್ಥನೆಗೆ ಮುಂಚೆಯೇ ಅಪ್ಪ, ಹಾಲು ಎರಡನ್ನೂ ತಲುಪಿಸಿ. ಅವರೂ ಅದೇ ರಾತ್ರಿ ತಿನ್ನಬೇಕು, ಮಾರನೇ ದಿನಕ್ಕೆ ಉಳಿಯಬಾರದು.