ಕಟ್ ಗ್ಲಾಸ್ ಬೌಲ್ ಯಾರು ಮಾಡಿದ್ದು ಅಂತ ಪತ್ತೆ ಹಚ್ಚೋದು: ನನ್ನ ಅನುಭವ

ನಮ್ಮಮ್ಮನ ಅಡುಗೆಮನೆಯಲ್ಲಿ ಯಾವ ಸ್ಟೀಲ್ ಪಾತ್ರೆ ತಿರುಗಿಸಿದ್ರೂ ಒಂದು ಹೆಸರು ಕೊರೆದಿರುತ್ತೆ, ಯಾರ ಮದುವೇಲಿ ಕೊಟ್ಟಿದ್ದು ಯಾವ ತಾರೀಖು ಎಲ್ಲ. ಅದನ್ನೇ ನೋಡ್ಕೊಂಡು ಬೆಳೆದವನು ನಾನು, ಹಳೇ ಅಮೆರಿಕನ್ ಕಟ್ ಗ್ಲಾಸ್, ಅಂದ್ರೆ ಸಾಣೆ ಹಿಡಿದು ಡಿಸೈನ್ ಕೊರೆದ ಗಾಜಿನ ಪಾತ್ರೆಗಳ ಹುಚ್ಚು ಹಿಡಿದಾಗ ಇಲ್ಲೂ ಹಂಗೇ ಇರುತ್ತೆ, ತಿರುಗಿಸಿದ್ರೆ ಕಂಪನಿ ಹೆಸರು ಸಿಗುತ್ತೆ ಅಂದ್ಕೊಂಡಿದ್ದೆ. ಮೊದಲನೇ ಪೆಟ್ಟು ಅಲ್ಲೇ ಬಿತ್ತು, ಎಷ್ಟೋ ಪೀಸ್‌ಗಳಲ್ಲಿ ಹೆಸರೇ ಇರಲ್ಲ.

ನಾನಿರೋದು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಹತ್ರ. ಇಲ್ಲಿ ಶನಿವಾರ ಬಂದ್ರೆ ಎಸ್ಟೇಟ್ ಸೇಲ್‌ಗಳು, ಅಂದ್ರೆ ಮನೆ ಯಜಮಾನರು ತೀರಿಕೊಂಡ ಮೇಲೆ ಇಡೀ ಮನೆ ಸಾಮಾನು ಬೆಲೆ ಚೀಟಿ ಅಂಟಿಸಿ ಮಾರೋದು. ಅಂಥ ಒಂದು ಮನೇಲಿ ಎಂಟು ಇಂಚಿನ ಬೌಲ್ ಸಿಕ್ತು, ಧೂಳು ಹಿಡಿದು ಕಂದುಬಣ್ಣಕ್ಕೆ ತಿರುಗಿತ್ತು, 85 ಡಾಲರ್. ಸಿಂಕಲ್ಲಿ ಬೆಚ್ಚಗಿನ ನೀರು ಸೋಪು ಹಾಕಿ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿದ್ಮೇಲೆ ನೋಡಿದ್ರೆ ಮೈ ತುಂಬ ನಕ್ಷತ್ರ, ಮಧ್ಯೆ ಮಧ್ಯೆ ಅಂಗಿ ಗುಂಡಿ ಥರದ ಸಣ್ಣ ಉಬ್ಬುಗಳು. ಇಂಟರ್‌ನೆಟ್ಟಲ್ಲಿ ಹುಡುಕಿದ್ರೆ ಇದು ರಷ್ಯನ್ ಪ್ಯಾಟರ್ನ್, 1882ರಲ್ಲಿ ನಮ್ಮದೇ ರಾಜ್ಯದ ಕಾರ್ನಿಂಗ್ ಊರಿನ ಹಾಕ್ಸ್ ಕಂಪನಿಗೆ ಪೇಟೆಂಟ್ ಆದ ಡಿಸೈನ್. ಆಯ್ತು, ಹಾಕ್ಸ್ ಬೌಲ್ ಸಿಕ್ತು ಅಂತ ನಾನು ಫುಲ್ ಖುಷ್.

ಆಮೇಲೆ ಗೊತ್ತಾಯ್ತು, ಪೇಟೆಂಟ್ ಇದ್ರೂ ಆ ಪ್ಯಾಟರ್ನನ್ನ ಬೇರೆ ಎಷ್ಟೋ ಕಂಪನಿಗಳು ಕೊರೆದಿದ್ದಾವೆ. 1891ರಲ್ಲಿ ಪ್ರೆಸಿಡೆಂಟ್ ಹ್ಯಾರಿಸನ್ ಕಾಲದಲ್ಲಿ ವೈಟ್ ಹೌಸ್‌ಗೆ ಹೋದ ರಷ್ಯನ್ ಸೆಟ್ ಮಾಡಿದ್ದು ಪೆನ್ಸಿಲ್ವೇನಿಯಾದ ವೈಟ್ ಮಿಲ್ಸ್ ಊರಿನ ಡಾರ್ಫ್ಲಿಂಗರ್. ಆ ಡಾರ್ಫ್ಲಿಂಗರ್‌ನೋರು ಗಾಜಿನ ಮೇಲೆ ಹೆಸರು ಹಾಕ್ತಾನೇ ಇರಲಿಲ್ಲ, ಪೇಪರ್ ಲೇಬಲ್ ಅಂಟಿಸ್ತಿದ್ರು, ಅದು ಮೊದಲನೇ ಸಲ ತೊಳೆದಾಗಲೇ ಹೋಗಿರುತ್ತೆ.

ಇನ್ನೊಂದು ವಿಷ್ಯ ನನಗೆ ಅರ್ಥ ಆಗೋಕೆ ಒಂದು ವರ್ಷ ಹಿಡೀತು. ಗಾಜು ಊದಿದವರು ಬೇರೆ, ಕೊರೆದವರು ಬೇರೆ ಇರಬಹುದು. ಊದಿ ಮಾಡಿದ ಬೋಳು ಪಾತ್ರೆಗೆ ಬ್ಲಾಂಕ್ ಅಂತಾರೆ, ಅದನ್ನ ಕೊಂಡು ತಂದು ಸಾಣೆ ಹಿಡಿಯೋ ಅಂಗಡಿಗಳು ಕಾರ್ನಿಂಗ್ ತುಂಬ ಇದ್ವು. 1868ರಲ್ಲಿ ಬ್ರೂಕ್ಲಿನ್‌ನಿಂದ ಗಾಜಿನ ಫ್ಯಾಕ್ಟರಿ ಆ ಊರಿಗೆ ಬಂತು, ಜೊತೆಗೇ ಜಾನ್ ಹೋರ್ ಅನ್ನೋನು ಕಟಿಂಗ್ ಶಾಪ್ ತೆಗೆದ, ಅವನ ಹತ್ರ ಕೆಲಸ ಮಾಡಿದ ಥಾಮಸ್ ಹಾಕ್ಸ್ 1880ರಲ್ಲಿ ತನ್ನದೇ ಅಂಗಡಿ ಹಾಕ್ಕೊಂಡ. ಡಾರ್ಫ್ಲಿಂಗರ್ ಥರದವರು ಊದೋದು ಕೊರೆಯೋದು ಎರಡೂ ಮಾಡಿ ಬ್ಲಾಂಕ್ ಬೇರೆಯವರಿಗೂ ಮಾರ್ತಿದ್ರು. ಸೋ ಬ್ಲಾಂಕ್ ನೋಡಿ ಯಾರು ಮಾಡಿದ್ದು ಅಂತ ಹೇಳೋಕೆ ಹೋದ್ರೆ ಅರ್ಧ ಉತ್ತರ ಅಷ್ಟೇ.

ಈಗ ಯಾವ ಪೀಸ್ ಬಂದ್ರೂ ಮೊದಲು ಅದು ಕಟ್ ಗ್ಲಾಸ್ ಹೌದಾ ಅಂತ ನೋಡ್ತೀನಿ. ಬೆರಳಲ್ಲಿ ಸವರಿದ್ರೆ ಕೊರೆದ ಅಂಚು ಚೂಪಾಗಿ ಕೈಗೆ ಹತ್ತಬೇಕು, ಅಚ್ಚಲ್ಲಿ ಒತ್ತಿದ್ದಾದ್ರೆ ಅಂಚು ಮೊಂಡಾಗಿರುತ್ತೆ, ಎಷ್ಟೋ ಸಲ ಅಚ್ಚಿನ ಗೆರೆನೂ ಕಾಣುತ್ತೆ. ಈ ಕಟ್ ಗ್ಲಾಸಲ್ಲಿ ಸೀಸ ಬೆರೆತಿರುತ್ತೆ, ಬೆರಳಿಂದ ತಟ್ಟಿದ್ರೆ ಅಂಥ ಗಾಜು ಟಣ್ ಅಂತ ತುಂಬ ಹೊತ್ತು ಗುಂಯ್‌ಗುಡುತ್ತೆ, ಆದ್ರೆ ಎಲ್ಲ ಆಕಾರಕ್ಕೂ ಇದು ನಡೆಯಲ್ಲ, ಬಾಯಿ ಚಿಕ್ಕದಿರೋ ಬಾಟಲಿ ಏನೂ ಮಾತಾಡಲ್ಲ. ಸಣ್ಣ ಪೀಸ್ ಆದ್ರೆ ಗಾಜು ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ನೋಡೋಕೆ ಅಡುಗೆಮನೆ ತಕ್ಕಡಿ ಇದೆ. ಪಕ್ಕದಲ್ಲಿ ಒಂದು ಹಿಡಿಕೆ ಇರೋ ಬಟ್ಟಲು ನನ್ನ ಹತ್ರ ಇತ್ತು, 640 ಗ್ರಾಂ ತೂಗ್ತು. ತಕ್ಕಡಿ ಮೇಲೆ ನೀರು ತುಂಬಿದ ಪಾತ್ರೆ ಇಟ್ಟು ಸೊನ್ನೆ ಮಾಡಿ, ಬಟ್ಟಲನ್ನ ದಾರ ಕಟ್ಟಿ ತಳಕ್ಕೆ ತಾಗದ ಹಾಗೆ ಪೂರ್ತಿ ಮುಳುಗಿಸಿದೆ, ತಕ್ಕಡಿ 210 ತೋರಿಸ್ತು. 640 ಭಾಗಿಸು 210, ಹತ್ರಹತ್ರ 3.05. ಮಾಮೂಲಿ ಗಾಜು 2.5ರ ಆಸುಪಾಸು ಇರುತ್ತೆ, ಅಂದ್ರೆ ಇದರಲ್ಲಿ ಸೀಸ ಚೆನ್ನಾಗೇ ಇದೆ. ನನ್ನ ಹೆಂಡ್ತಿ ಆ ಪಾತ್ರೆ ಸಾಂಬಾರ್‌ದು ಅಂತ ಬೈದ್ಲು, ಅದು ಬೇರೆ ಕಥೆ.

ಆಮೇಲೆ ಕಂಪನಿ ಗುರುತು ಹುಡುಕೋದು. ಆಸಿಡ್‌ನಲ್ಲಿ ಹಾಕಿರೋ ಗುರುತು ಎಷ್ಟು ತೆಳು ಅಂದ್ರೆ ನೇರ ನೋಡಿದ್ರೆ ಕಾಣೋದೇ ಇಲ್ಲ. ಕಿಟಕಿ ಹತ್ರ ಹೋಗಿ ಬೌಲ್ ಓರೆ ಮಾಡಿ, ಬಾಯಿಂದ ಹಾ ಅಂತ ಬಿಸಿ ಉಸಿರು ಬಿಟ್ರೆ ಮಂಜು ಕಟ್ಟಿ ಆರೋ ಹೊತ್ತಲ್ಲಿ ಒಂದು ಕ್ಷಣ ಮೂಡುತ್ತೆ. ನನಗೆ ಮೊದಲ ಸಲ ಹೀಗೆ ಸಿಕ್ಕಿದ್ದು ಓಹಾಯೋದ ಟೊಲೀಡೋ ಊರಿನ ಲಿಬ್ಬಿ ಗುರುತು, ಹೆಸರಿನ ಕೆಳಗೆ ಒಂದು ಕತ್ತಿ. ಅದೂ ತಳದಲ್ಲಲ್ಲ, ಬೌಲ್ ಒಳಗೆ ನಟ್ಟನಡುವೆ. ಹಾಕ್ಸ್‌ದಾದ್ರೆ ಮೂರು ಎಸಳಿನ ಆಕಾರದೊಳಗೆ ಎರಡು ಗಿಡುಗ, ಕಾರ್ನಿಂಗ್‌ನ ಇನ್ನೆರಡು ಕಂಪನಿಗಳಲ್ಲಿ ಸಿಂಕ್ಲೇರ್‌ದು ಎಲೆ ಹಾರದೊಳಗೆ ಒಂದು ಎಸ್, ಎಗಿಂಟನ್‌ದು ಅರ್ಧಚಂದ್ರ ಮತ್ತು ನಕ್ಷತ್ರ. ಹೋರ್ ಗುರುತಲ್ಲಿ 1853 ಅಂತ ಇಸವಿ ಇರುತ್ತೆ, ಇದನ್ನ ಇಟ್ಕೊಂಡು ಒಬ್ಬ ಮಾರೋನು ಇದು 1853ರ ಪೀಸ್ ಸರ್ ಅಂತ ನನಗೆ ಟೋಪಿ ಹಾಕೋಕೆ ನೋಡಿದ್ದ. ಹೋರ್ ವ್ಯಾಪಾರಕ್ಕಿಳಿದ ವರ್ಷ ಅದು! ನಮ್ಮಲ್ಲಿ ಸ್ವೀಟ್ ಅಂಗಡಿ ಬೋರ್ಡ್ ಮೇಲೆ ಇಸವಿ ಹಾಕಲ್ವಾ, ಅಲ್ಲಿನ ಮೈಸೂರ್ ಪಾಕ್ ಅಷ್ಟು ಹಳೇದಾ? ಈ ಆಸಿಡ್ ಗುರುತುಗಳೆಲ್ಲ ಹೆಚ್ಚುಕಮ್ಮಿ 1890ರ ದಶಕದಿಂದ ಈಚೆ ಬಂದಿದ್ದು.

ಗುರುತು ಸಿಕ್ತು ಅಂತ ಕುಣಿಯೋ ಹಾಗೂ ಇಲ್ಲ. ಆನ್‌ಲೈನಲ್ಲಿ 140 ಡಾಲರ್ ಕೊಟ್ಟು ಒಂದು ಲಿಬ್ಬಿ ತಟ್ಟೆ ತರಿಸಿದೆ, ಕತ್ತಿ ಗುರುತು ಎದ್ದು ಕಾಣ್ತಿತ್ತು, ಅಷ್ಟು ಚೆನ್ನಾಗಿ ಕಂಡಿದ್ದಕ್ಕೇ ಅನುಮಾನ ಬರಬೇಕಿತ್ತು ನನಗೆ. ಹತ್ತು ಪಟ್ಟು ದೊಡ್ಡದು ಮಾಡೋ ಲೂಪ್ ಹಿಡಿದು ನೋಡಿದೆ. ಅಷ್ಟು ವರ್ಷ ಬಳಸಿದ ತಟ್ಟೇಲಿ ಚಮಚದ ಗೀರುಗಳು ಅಡ್ಡಾದಿಡ್ಡಿ ಇರ್ತವೆ, ಅವು ಗುರುತಿನ ಮೇಲೂ ಹಾದು ಅದನ್ನ ಅಲ್ಲಲ್ಲಿ ಸವೆಸಿರಬೇಕು ತಾನೇ. ಇಲ್ಲಿ ಉಲ್ಟಾ, ಗೀರುಗಳು ಗುರುತಿನ ಹತ್ರ ಬಂದು ಅದರ ಮಬ್ಬಿನ ಅಡಿಗೆ ಹೋಗಿ ಮುಚ್ಚಿಹೋಗಿವೆ, ಗುರುತು ಮಾತ್ರ ಒಂದೂ ಗಾಯ ಇಲ್ದೆ ಹೊಸ ಮದುಮಗಳ ಥರ ಕೂತಿದೆ. ಅಂದ್ರೆ ಹೆಸರಿಲ್ಲದ ತಟ್ಟೆಗೆ ಯಾರೋ ಇತ್ತೀಚೆಗೆ ಹೆಸರು ಹಾಕಿದ್ದಾರೆ. ಮಾರಿದವನಿಗೆ ಮೂರು ಮೆಸೇಜ್ ಹಾಕಿದೆ, ಉತ್ತರ ಇಲ್ಲ. ಕತ್ತಲೆ ರೂಮಲ್ಲಿ ಯುವಿ ಟಾರ್ಚ್ ಬಿಟ್ಟಾಗ ತಟ್ಟೆ ಏನೋ ತಿಳಿ ಹಳದಿ ಹಸಿರಾಗೇ ಹೊಳೀತು, ಆ ಕಾಲದ ಗಾಜು ಸಾಮಾನ್ಯವಾಗಿ ಹೊಳೆಯೋದೇ ಹಾಗೆ. ತಟ್ಟೆ ಹಳೇದೇ, ಸುಳ್ಳು ಹೆಸರಷ್ಟೇ.

ಗುರುತೇ ಇಲ್ಲದಿದ್ರೆ ಉಳಿಯೋದು ಹಳೇ ಕ್ಯಾಟಲಾಗ್. ಕಾರ್ನಿಂಗ್ ಗಾಜಿನ ಮ್ಯೂಸಿಯಂನವರ ರಾಕೋ ಲೈಬ್ರರಿ ಇದೆ, ನನಗೆ ಎರಡು ಗಂಟೆ ಡ್ರೈವ್. ಅಲ್ಲಿ ಕೂತು ಕಂಪನಿಗಳ ಆಗಿನ ಕಾಲದ ಕ್ಯಾಟಲಾಗ್ ಪುಟ ತಿರುಗಿಸಬೇಕು, ನನ್ನ ಫೋನಲ್ಲಿರೋ ಫೋಟೋ ಪಕ್ಕದಲ್ಲಿಟ್ಕೊಂಡು. ನೋಡೋವಾಗ ದೊಡ್ಡ ನಕ್ಷತ್ರ ಬಿಡಿ, ಅದು ಎಲ್ಲರದ್ದೂ ಒಂದೇ ಥರ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಮಧ್ಯೆ ಉಳಿಯೋ ಸಣ್ಣ ಜಾಗಾನ ಏನು ಮಾಡಿ ತುಂಬಿದ್ದಾರೆ, ಅಂಚಿನ ಹಲ್ಲುಗಳು ಹೇಗಿವೆ, ಅದನ್ನ ನೋಡಿ. ಎಲ್ಲವೂ ಹೊಂದಬೇಕು, ಮುಕ್ಕಾಲು ಹೊಂದಿದ್ರೆ ಬೇರೆ ಕಂಪನಿದೂ ಇರಬಹುದು. ಬೆಳ್ಳಿ ಅಂಚು ಕಟ್ಟಿರೋ ಜಗ್ ಇದ್ರೆ ಬೆಳ್ಳಿ ಮೇಲಿನ ಮುದ್ರೆ ಕಾಲ ಹೇಳೋಕೆ ಉಪಯೋಗಕ್ಕೆ ಬರುತ್ತೆ, ಆದ್ರೆ ಆ ಹೆಸರು ಸಾಮಾನ್ಯವಾಗಿ ಬೆಳ್ಳಿ ಕೆಲಸದವರದ್ದು, ಗಾಜಿನವರದ್ದಲ್ಲ.

ನನ್ನ 85 ಡಾಲರ್ ಬೌಲ್ ಇವತ್ತಿಗೂ ಯಾರದ್ದು ಅಂತ ತೀರ್ಮಾನ ಆಗಿಲ್ಲ. ತಳಕ್ಕೆ ಪೆನ್ಸಿಲಲ್ಲಿ ಬರೆದ ಚೀಟಿ ಅಂಟಿಸಿದೀನಿ, "ರಷ್ಯನ್, ಅಮೆರಿಕ, ಕೊರೆದವರು ಗೊತ್ತಿಲ್ಲ" ಅಂತ. ಪರಿಚಯದ ಡೀಲರ್ ಒಬ್ರು ಸುಮ್ನೆ ಹಾಕ್ಸ್ ಅಂತ ಬರಿ ಮಾರಾಯ, ಡಬಲ್ ರೇಟಿಗೆ ಹೋಗುತ್ತೆ ಅಂದ್ರು, ಬೇಡ ಅಂದೆ.

ಹೋದ ಬೇಸಿಗೇಲಿ ಅಮ್ಮ ಬಂದಿದ್ರು. ಕೋಸಂಬರಿ ಅದರಲ್ಲೇ ಹಾಕೋಕೆ ಹೋದ್ರು, ಅಮ್ಮ ಅದರಲ್ಲಿ ಸೀಸ ಇದೆ ನಿಂಬೆಹುಳಿ ಹಾಕಿದ್ದು ಇಡಬೇಡಿ ಅಂತ ತಡೆದೆ. ಬೌಲ್ ತಿರುಗಿಸಿ ನನ್ನ ಚೀಟಿ ಓದಿ, "ಹೆಸರಿಲ್ಲ ಅಂತ ಇಷ್ಟು ಒದ್ದಾಡ್ತಿದೀಯಾ? ಊರಿಗೆ ಬರುವಾಗ ತಗೊಂಡು ಬಾರೋ, ಪಾತ್ರೆ ಅಂಗಡೀಲಿ ಕೊರೆಸಿಕೊಡ್ತೀನಿ" ಅಂದ್ರು.