ಅಂಗಳದ ಹಾವಸೆಗೂ ದೋಣಿಯ ತಳಕ್ಕೂ ಒಂದೇ ಪ್ರೆಶರ್ ವಾಷರ್

ಕರಾವಳಿಯ ಮನೆಗಳಲ್ಲಿ ಪ್ರೆಶರ್ ವಾಷರ್‌ಗೆ ವರ್ಷದಲ್ಲಿ ಎರಡು ದೊಡ್ಡ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ದಡದಲ್ಲೆಲ್ಲ ಬೋಟು, ದೋಣಿಗಳ ತೊಳೆತ, ರಿಪೇರಿ. ಮಳೆ ಬಿಟ್ಟ ಮೇಲೆ ಅಂಗಳ, ಮೆಟ್ಟಿಲು, ಬಾವಿಕಟ್ಟೆಯ ಹಾವಸೆ. ಮನೆಯಲ್ಲಿರುವುದು ಸಣ್ಣ ಫೈಬರ್ ದೋಣಿಯಾದರೆ ಎರಡಕ್ಕೂ ಒಂದೇ ಯಂತ್ರ ಸಾಕು. ಅಂಗಡಿಗೆ ಹೋದವರ ಕಣ್ಣು ಮಾತ್ರ ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ‘ಬಾರ್’ ಎಂಬ ಒತ್ತಡದ ಅಂಕಿಗೇ ಹೋಗುತ್ತದೆ. ಮೋಸ ಹೋಗುವುದೂ ಅಲ್ಲೇ.

ಮೊದಲು ಲೆಕ್ಕ ಹಾಕಿ

ಹಾವಸೆಯನ್ನು ಬಿಡಿಸುವುದು ಒತ್ತಡ; ಬಿಟ್ಟದ್ದನ್ನು ಕೊಚ್ಚಿಕೊಂಡು ಹೋಗುವುದು ನೀರು. ನೀರು ಕಡಿಮೆಯಾದರೆ ಕೊಳೆ ಇಲ್ಲಿಂದ ಅಲ್ಲಿಗೆ ಹರಡುತ್ತದೆ ಅಷ್ಟೆ. ಹಾಗಾಗಿ ಬಾರ್ ಜೊತೆಗೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದನ್ನೂ ನೋಡಿ. ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ ನೀರಿಗೆ ಸಿಗುವ ಶಕ್ತಿ ಕಿಲೋವ್ಯಾಟ್‌ನಲ್ಲಿ ಬರುತ್ತದೆ.

ಡಬ್ಬದ ಮೇಲೆ 1500 ವ್ಯಾಟ್, 200 ಬಾರ್, 8 ಲೀಟರ್ ಎಂದಿದೆ ಎನ್ನಿ. 200×8÷600 ಅಂದರೆ 2.67 ಕಿಲೋವ್ಯಾಟ್. ಯಂತ್ರ ಎಳೆಯುವ ಕರೆಂಟೇ 1.5 ಕಿಲೋವ್ಯಾಟ್. ಅದಕ್ಕಿಂತ ಹೆಚ್ಚು ಹೊರಗೆ ಬರುವುದು ಸಾಧ್ಯವೇ ಇಲ್ಲ. ಅತಿ ಹೆಚ್ಚಿನ ಒತ್ತಡ ಒಂದು ಸ್ಥಿತಿಯಲ್ಲಿ, ಅತಿ ಹೆಚ್ಚಿನ ನೀರು ಇನ್ನೊಂದು ಸ್ಥಿತಿಯಲ್ಲಿ ಅಳೆದು ಎರಡನ್ನೂ ಒಟ್ಟಿಗೆ ಬರೆದಿರುತ್ತಾರೆ. ಮೋಟಾರಿನ ಬಿಸಿ, ಪಂಪಿನ ಘರ್ಷಣೆ ಕಳೆದರೆ 1500 ವ್ಯಾಟಿನ ಯಂತ್ರದಿಂದ 6 ಲೀಟರ್ ನೀರಿಗೆ 100 ಬಾರ್ ಆಸುಪಾಸು ಸಿಕ್ಕಿದರೆ ಅದೇ ಚೆನ್ನಾಗಿದೆ. ಪಿಎಸ್‌ಐ ಎಂದು ಬರೆದಿದ್ದರೆ 14.5ರಿಂದ ಭಾಗಿಸಿ ಬಾರ್‌ಗೆ ತನ್ನಿ.

ಮನೆ ಮತ್ತು ಸಣ್ಣ ದೋಣಿಗೆ ಬೇಕಾದ್ದು ಕೆಲಸದ ಒತ್ತಡ 100ರಿಂದ 120 ಬಾರ್, ನೀರು ನಿಮಿಷಕ್ಕೆ 6ರಿಂದ 7 ಲೀಟರ್, ಮೋಟಾರು 1600ರಿಂದ 2100 ವ್ಯಾಟ್. ಅದಕ್ಕಿಂತ ಹೆಚ್ಚಿನ ಒತ್ತಡ ಮುರಕಲ್ಲನ್ನು ಕೆತ್ತುತ್ತದೆ, ಫೈಬರ್‌ನ ಹೊಳಪು ಪದರವನ್ನು ತಿನ್ನುತ್ತದೆ.

ಮೋಟಾರು, ಪಂಪು, ಬಿಡಿಭಾಗ

ಹತ್ತು ಸಾವಿರ ರೂಪಾಯಿಯೊಳಗಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಬನ್ ಬ್ರಷ್ ಮೋಟಾರು. ಹಗುರ, ಸದ್ದು ಜೋರು. ಇಪ್ಪತ್ತು ನಿಮಿಷ ಓಡಿಸಿ ಹತ್ತು ನಿಮಿಷ ಬಿಡುವು ಕೊಟ್ಟರೆ ಬಾಳಿಕೆ ಬರುತ್ತದೆ. ಇಂಡಕ್ಷನ್ ಮೋಟಾರಿನದು ಇಪ್ಪತ್ತು ಕಿಲೋ ಆಸುಪಾಸಿನ ಭಾರ, ಬೆಲೆಯೂ ಸುಮಾರು ದುಪ್ಪಟ್ಟು. ಆದರೆ ಸದ್ದು ಕಡಿಮೆ, ಬದಲಿಸಲು ಬ್ರಷ್ಷೇ ಇಲ್ಲ. ತಿಂಗಳಿಗೊಮ್ಮೆ ಅಂಗಳ, ವರ್ಷಕ್ಕೆರಡು ಸಲ ದೋಣಿ ತೊಳೆಯುವವರಿಗೆ ಬ್ರಷ್ ಮೋಟಾರು ಧಾರಾಳ ಸಾಕು. ವಾರ ವಾರ ಬಳಸುವವರು ಇಂಡಕ್ಷನ್ ತೆಗೆದುಕೊಳ್ಳುವುದೇ ಲಾಭ. ಪಂಪಿನ ತಲೆ ಹಿತ್ತಾಳೆಯದಾದರೆ ಉಪ್ಪುಗಾಳಿಗೆ ಅಲ್ಯೂಮಿನಿಯಂಗಿಂತ ಚೆನ್ನಾಗಿ ತಡೆಯುತ್ತದೆ.

ದುಡ್ಡು ಕೊಡುವ ಮೊದಲು ಅಂಗಡಿಯವರನ್ನು ಕೇಳಿ: ವಾಟರ್ ಸೀಲ್ ಕಿಟ್, ಕಾರ್ಬನ್ ಬ್ರಷ್, ನೀರು ಹಾರಿಸುವ ಗನ್, ಪ್ರೆಶರ್ ಪೈಪು ಬಿಡಿಯಾಗಿ ಸಿಗುತ್ತವೆಯೇ, ಎಷ್ಟು ಬೆಲೆ? ಉತ್ತರ ತಡವರಿಸಿದರೆ ಆ ಯಂತ್ರ ಬೇಡ. ಸವೆದು ಹೋಗುವುದು ಇವೇ ನಾಲ್ಕು. ಪೈಪಿನ ತಿರುಪು ಎಂ22 ಅಳತೆಯದಾದರೆ ಬೇರೆ ಕಂಪನಿಯ ಪೈಪೂ ಹೊಂದುತ್ತದೆ. ಆದರೆ ಅದರೊಳಗಿನ ಮೂತಿಯಲ್ಲಿ 14 ಮಿಮೀ, 15 ಮಿಮೀ ಎಂದು ಎರಡು ಬಗೆ. ತಿರುಪು ಸಲೀಸಾಗಿ ಕೂರುತ್ತದೆ, ಮೂತಿ ಹೊಂದದಿದ್ದರೆ ನೀರು ಸೋರುತ್ತದೆ. ಹಳೆಯ ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ನೀರು, ಕರೆಂಟು

ಹತ್ತು ಲೀಟರಿನ ಬಕೆಟನ್ನು ನಲ್ಲಿಯ ಕೆಳಗಿಟ್ಟು ಗಡಿಯಾರ ನೋಡಿ. ಎಪ್ಪತ್ತು ಸೆಕೆಂಡಿನೊಳಗೆ ತುಂಬಿದರೆ 6 ಲೀಟರಿನ ಯಂತ್ರಕ್ಕೆ ಆ ನಲ್ಲಿ ಸಾಕು. ತುಂಬದಿದ್ದರೆ ಡ್ರಮ್ಮಿನಿಂದ ಎಳೆಯಬಲ್ಲ ಯಂತ್ರವನ್ನೇ ಕೊಳ್ಳಿ. ಆಗ ಎಳೆಯುವ ಪೈಪನ್ನು ಮೊದಲು ನೀರಿನಿಂದ ಪೂರ್ತಿ ತುಂಬಿಸಿ, ಡ್ರಮ್ಮನ್ನು ಯಂತ್ರದ ಮಟ್ಟಕ್ಕೋ ತುಸು ಮೇಲಕ್ಕೋ ಇಡಿ. ಬಾವಿ ನೀರಾದರೆ ಫಿಲ್ಟರ್ ಇಲ್ಲದೆ ಓಡಿಸಲೇಬೇಡಿ. ಮರಳಿನ ಒಂದು ಕಣ ವಾಲ್ವಿನಲ್ಲಿ ಕೂತರೆ ಒತ್ತಡ ಕೂಡುವುದಿಲ್ಲ. ಹೊಳೆಯ, ಅಳಿವೆಯ ಉಪ್ಪುನೀರನ್ನು ಪಂಪಿಗೆ ಎಳೆಸಬೇಡಿ.

1800 ವ್ಯಾಟ್ ಎಂದರೆ ಸುಮಾರು 8 ಆಂಪಿಯರ್. 6 ಆಂಪಿಯರಿನ ಸಣ್ಣ ಪ್ಲಗ್ಗಿಗಲ್ಲ, 16 ಆಂಪಿಯರಿನದಕ್ಕೆ ಹಾಕಿ. ಎಕ್ಸ್‌ಟೆನ್ಷನ್ ಬೇಕಾದರೆ 2.5 ಚದರ ಮಿಮೀ ತಂತಿಯದು, ಸುರುಳಿ ಪೂರ್ತಿ ಬಿಚ್ಚಿ. ಸುತ್ತಿಟ್ಟ ತಂತಿ ಬಿಸಿಯಾಗಿ ಕರಗುತ್ತದೆ. ಒದ್ದೆ ನೆಲದ ಮೇಲೆ ನಿಂತು ಮಾಡುವ ಕೆಲಸವಿದು. ಮನೆಯ ಮೇನ್‌ನಲ್ಲಿ ಕರೆಂಟು ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಆಮೇಲೆ ಯಂತ್ರ ಕೊಳ್ಳಿ.

ತೊಳೆಯುವಾಗ

ಬಣ್ಣದ ನಾಜಲ್‌ಗಳಲ್ಲಿ ನೀರು ಹರಡುವ ಕೋನ ಕೆಂಪಿಗೆ 0 ಡಿಗ್ರಿ, ಹಳದಿಗೆ 15, ಹಸಿರಿಗೆ 25, ಬಿಳಿಗೆ 40. ಕೆಂಪನ್ನು ಡಬ್ಬದಲ್ಲೇ ಬಿಡಿ. ಕಾಂಕ್ರೀಟು, ಗ್ರಾನೈಟ್ ಮೆಟ್ಟಿಲಿಗೆ ಹಸಿರು. ಮುರಕಲ್ಲು, ಕಾರು, ಫೈಬರ್‌ಗೆ ಬಿಳಿ. ಇಂಟರ್‌ಲಾಕ್ ಅಂಗಳ ತೊಳೆದ ಮೇಲೆ ಸಂದುಗಳ ಮರಳು ಎದ್ದು ಹೋಗಿರುತ್ತದೆ. ಒಣಗಿದ ಮೇಲೆ ತುಂಬಿಸದಿದ್ದರೆ ಕಲ್ಲು ಅಲುಗಾಡುತ್ತದೆ. ಹೆಂಚಿನ ಮಾಡಿಗೆ ಈ ಯಂತ್ರ ಬೇಡವೇ ಬೇಡ. ನೀರು ಹೆಂಚಿನಡಿಗೆ ನುಗ್ಗುತ್ತದೆ, ಗನ್ನಿನ ಒದೆತಕ್ಕೆ ಮೇಲೆ ನಿಂತವರ ಕಾಲು ಜಾರುತ್ತದೆ.

ದೋಣಿಯನ್ನು ದಡಕ್ಕೆ ಎಳೆದ ದಿನವೇ ತೊಳೆಯಿರಿ. ಒಣಗಿದ ಮೇಲೆ ತಳದ ಲೋಳೆ, ಚಿಪ್ಪು ಕಲ್ಲಿನಂತೆ ಕಚ್ಚುತ್ತವೆ. ಮೊದಲು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಚಿಪ್ಪು ಎಬ್ಬಿಸಿ, ಆಮೇಲೆ ಬಿಳಿ ನಾಜಲ್ಲನ್ನು ಒಂದು ಅಡಿ ದೂರದಲ್ಲಿ ಓರೆಯಾಗಿ ಹಿಡಿದು ನಿಲ್ಲಿಸದೆ ಸಾಗಿಸಿ. ಫೈಬರ್‌ನಲ್ಲಿ ಬಿರುಕು, ಗುಳ್ಳೆ ಕಂಡಲ್ಲಿ ಗನ್ ಹಿಡಿಯಬೇಡಿ. ನೀರು ಪದರಗಳ ನಡುವೆ ಸೇರಿಬಿಡುತ್ತದೆ. ಮರದ ದೋಣಿಯಲ್ಲಿ ಹಲಗೆಗಳ ಸಂದಿಗೆ ತುಂಬಿದ ಹತ್ತಿ, ಪುಟ್ಟಿ ಹಾರಿಹೋಗುತ್ತದೆ, ಅಲ್ಲಿ ಬ್ರಷ್ಷೇ ಗತಿ. ಔಟ್‌ಬೋರ್ಡ್ ಎಂಜಿನ್ನಿನ ಮುಚ್ಚಳದೊಳಕ್ಕೂ ಪ್ರೊಪೆಲ್ಲರ್ ಶಾಫ್ಟಿನ ಸೀಲಿಗೂ ನೀರು ಹಾರಿಸಬೇಡಿ.

ಈ ನೀರಿನ ಎಳೆ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಸೂಜಿಮೊನೆಯಷ್ಟೇ ಗಾಯ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ, ಆದದ್ದನ್ನು ಸರಿಯಾಗಿ ಹೇಳಿ. ರಬ್ಬರ್ ಬೂಟು, ಕನ್ನಡಕ ಹಾಕದೆ ಗನ್ ಮುಟ್ಟಬೇಡಿ.

ಕೆಟ್ಟರೆ

ಒತ್ತಡ ಏರಿಳಿದು ಗನ್ ಮಿಡಿಯುತ್ತಿದ್ದರೆ ಎಳೆಯುವ ಕಡೆ ಗಾಳಿ ಸೇರುತ್ತಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಗನ್ ಬಿಟ್ಟ ಮೇಲೂ ಮೋಟಾರು ಆಗಾಗ ತಾನೇ ‘ಗುರ್’ ಎಂದು ಓಡಿ ನಿಂತರೆ ಎಲ್ಲೋ ಸೋರಿಕೆ. ಗನ್ನಿನ, ಪೈಪಿನ ಓ-ರಿಂಗ್ ಮೊದಲು ನೋಡಿ. ನೀರು ಬರುತ್ತಿದೆ, ಒತ್ತಡವಿಲ್ಲ ಎಂದಾದರೆ ನಾಜಲ್ಲಿನ ತೂತು ಸವೆದಿರಬಹುದು, ಅಥವಾ ವಾಲ್ವಿನಲ್ಲಿ ಕಸ.

ಕೆಲಸ ಮುಗಿದ ಮೇಲೆ ಸೋಪಿನ ದಾರಿಯಲ್ಲೂ ಸಿಹಿನೀರು ಹಾಯಿಸಿ. ನಲ್ಲಿ ಮುಚ್ಚಿ, ನಲ್ಲಿಯಿಂದ ಬರುವ ಪೈಪು ಕಳಚಿ, ಗನ್ ಒತ್ತಿ ಹಿಡಿದು ಐದು ಸೆಕೆಂಡು ಓಡಿಸಿದರೆ ಪಂಪಿನಲ್ಲಿ ಉಳಿದ ನೀರು ಹೊರಬರುತ್ತದೆ. ಮೋಟಾರು ಆರಿಸಿ, ಇನ್ನೊಮ್ಮೆ ಗನ್ ಒತ್ತಿ ಒತ್ತಡ ಬಿಡಿ. ಯಂತ್ರದ ಮೈಗೆ ಸಿಡಿದ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲಷ್ಟೇ ಒಳಗಿಡಿ.