ಬರ್ಲಿನ್‌ಗೆ ಹೊಸದಾಗಿ ಬಂದವರಿಗೆ: ಸ್ಟಾಸಿ ಕಡತ ಮತ್ತು ಗೋಡೆಯ ನೆನಪು

ಮಕ್ಕಳ ಶಾಲೆಯಿಂದ ಒಂದು ದಿನ ಚೀಟಿ ಬರಬಹುದು: ತರಗತಿಯವರೆಲ್ಲ ಹೋಹೆನ್‌ಶೋನ್‌ಹೌಸನ್ ಜೈಲು ನೋಡಲು ಹೋಗುತ್ತಿದ್ದೇವೆ, ಸಹಿ ಹಾಕಿ ಕಳಿಸಿ ಎಂದು. "ಮಕ್ಕಳನ್ನು ಜೈಲಿಗೆ ಯಾಕೆ ಕರೆದುಕೊಂಡು ಹೋಗ್ತಾರೆ?" ಎಂದು ನಮ್ಮವರು ಗಾಬರಿಯಾಗುತ್ತಾರೆ. ದಯವಿಟ್ಟು ಕಳಿಸಿ. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಆಡಳಿತದ ಗುಪ್ತ ಪೊಲೀಸ್, ಅಂದರೆ ಸ್ಟಾಸಿ, ಜನರನ್ನು ಕೂಡಿಹಾಕಿ ವಿಚಾರಣೆ ನಡೆಸುತ್ತಿದ್ದ ಜಾಗ ಅದು. 1994ರಿಂದ ಸ್ಮಾರಕವಾಗಿದೆ. ಅಲ್ಲಿ ಅನೇಕ ವರ್ಷಗಳಿಂದ ಕೋಣೆಗಳನ್ನು ತೋರಿಸುತ್ತಾ ಬಂದವರಲ್ಲಿ ಅದೇ ಜೈಲಿನಲ್ಲಿ ದಿನ ಕಳೆದವರೂ ಇದ್ದಾರೆ. ಅವರಿಗೀಗ ವಯಸ್ಸಾಗಿದೆ. ಅವರ ಬಾಯಿಂದಲೇ ಕೇಳುವ ಅವಕಾಶ ನಮ್ಮ ಮಕ್ಕಳಿಗೆ ತಪ್ಪಬಾರದು.

ಈ ದೇಶದ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು, ಸ್ಟಾಸಿ ಜನರ ಮೇಲೆ ಕಣ್ಣಿಟ್ಟು ಬರೆದಿಟ್ಟ ಕಡತಗಳ ವಿಚಾರ. ನಗರವನ್ನು ಪೂರ್ವ, ಪಶ್ಚಿಮ ಎಂದು ಬೇರ್ಪಡಿಸಿದ್ದ ಬರ್ಲಿನ್ ಗೋಡೆ 1989ರಲ್ಲಿ ಬಿದ್ದ ಮೇಲೆ ಸ್ಟಾಸಿಯವರು ಕಾಗದಪತ್ರಗಳನ್ನು ಹರಿದುಹಾಕತೊಡಗಿದರು. ಅದನ್ನು ತಡೆಯಲು 1990ರ ಜನವರಿ 15ರಂದು ಜನ ಬರ್ಲಿನ್‌ನ ಕೇಂದ್ರ ಕಚೇರಿಗೇ ನುಗ್ಗಿದರು. ಉಳಿದ ಕಡತಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 111 ಕಿಲೋಮೀಟರ್! 1991ರ ಕಾನೂನಿನ ಪ್ರಕಾರ ತನ್ನ ಬಗ್ಗೆ ಏನು ಬರೆದಿದ್ದಾರೆಂದು ತಿಳಿಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಜರ್ಮನ್ ಪೌರತ್ವ ಬೇಕಿಲ್ಲ. ನಿಮ್ಮ ಮನೆಯ ಹಿರಿಯರು ಯಾರಾದರೂ ಪೂರ್ವ ಜರ್ಮನಿಯಲ್ಲಿ ಓದಿದ್ದರೆ ಅವರೂ ಅರ್ಜಿ ಹಾಕಬಹುದು. 2021ರಿಂದ ಇದನ್ನು ನೋಡಿಕೊಳ್ಳುವುದು ರಾಷ್ಟ್ರೀಯ ದಾಖಲೆ ಸಂಸ್ಥೆಯಾದ ಬುಂಡೆಸ್‌ಆರ್ಖೀಫ್. ಅರ್ಜಿಯ ಜೊತೆ ಗುರುತಿನ ದೃಢೀಕರಣ ಬೇಕು. ಕಡತದಲ್ಲಿ ಬರುವ ಇತರ ಸಂತ್ರಸ್ತರ ವಿವರಗಳನ್ನು ಮುಚ್ಚಿ ಕೊಡುತ್ತಾರೆ. ಆದರೆ ನಿಮ್ಮ ಮೇಲೆ ಚಾಡಿ ಬರೆದುಕೊಟ್ಟವನ ನಿಜವಾದ ಹೆಸರನ್ನು ಕೇಳಬಹುದು. ಆ ಹೆಸರು ಸ್ನೇಹಿತನದೋ ನೆಂಟನದೋ ಆಗಿದ್ದು, ಮನೆಗಳೇ ಒಡೆದದ್ದುಂಟು. ಹಾಗಾಗಿ ಪೂರ್ವ ಭಾಗದ ಸಹೋದ್ಯೋಗಿಯನ್ನು ಊಟದ ಮೇಜಿನಲ್ಲಿ "ನಿಮ್ಮ ಕಡತ ನೋಡಿದಿರಾ?" ಎಂದು ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಪೂರ್ವ ಜರ್ಮನಿಯಲ್ಲಿ ರಾಜಕೀಯ ಕಾರಣಕ್ಕೆ ಜೈಲಿಗೆ ಹೋದವರ ಶಿಕ್ಷೆಯನ್ನು ನ್ಯಾಯಾಲಯ ರದ್ದುಮಾಡುತ್ತದೆ, ಅರ್ಹರಿಗೆ ಪ್ರತಿ ತಿಂಗಳೂ ಪಿಂಚಣಿಯೂ ಸಿಗುತ್ತದೆ. ನಾವು ಕಟ್ಟುವ ತೆರಿಗೆಯ ಪಾಲೂ ಅದರಲ್ಲಿದೆ.

ಊರಿಂದ ಅಪ್ಪ ಅಮ್ಮ ಬಂದಾಗ ನಾರ್ಡ್‌ಬಾನ್‌ಹೋಫ್ ನಿಲ್ದಾಣದಲ್ಲಿ ಇಳಿದು ಗೋಡೆಯ ಸ್ಮಾರಕವಿರುವ ಬರ್ನಾವರ್ ಬೀದಿಗೆ ಕರೆದುಕೊಂಡು ಹೋಗಿ. ಟಿಕೆಟ್ ಬೇಕಿಲ್ಲ. ಬರ್ಲಿನ್ ಗೋಡೆಯ ಬಳಿ ಕನಿಷ್ಠ 140 ಜನ ಸತ್ತರು. ಅವರ ಭಾವಚಿತ್ರಗಳು ಇಲ್ಲಿವೆ. ಗೋಡೆಯ ಪಕ್ಕದಲ್ಲಿ ಯಾರೂ ಕಾಲಿಡಬಾರದೆಂದು ಬಿಟ್ಟಿದ್ದ ಗಡಿಪಟ್ಟಿಯ ನಡುವೆ ಸಿಕ್ಕಿಕೊಂಡಿದ್ದ ಚರ್ಚನ್ನು ಪೂರ್ವ ಜರ್ಮನಿ ಸರ್ಕಾರ 1985ರಲ್ಲಿ ಸ್ಫೋಟಿಸಿತು. ಅದೇ ಜಾಗದಲ್ಲಿ, ಅದರ ಚೂರುಗಳನ್ನೇ ಮಣ್ಣಿಗೆ ಬೆರೆಸಿ, ಒಂದು ಪುಟ್ಟ ಪ್ರಾರ್ಥನಾ ಮಂದಿರ ಕಟ್ಟಿದ್ದಾರೆ. ಸುತ್ತ ರೈ ಎಂಬ, ಗೋಧಿಯಂಥ ಧಾನ್ಯದ ಹೊಲ. ಮಂಗಳವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ 12ಕ್ಕೆ ಅಲ್ಲಿ ಸತ್ತವರಲ್ಲಿ ಒಬ್ಬರ ಬದುಕನ್ನು ಓದುತ್ತಾರೆ. ಹೊತ್ತು ಹಿಡಿಯುವುದಿಲ್ಲ. ಭಾಷೆ ಪೂರ್ತಿ ಅರ್ಥವಾಗದಿದ್ದರೂ ಹೆಸರು ಕೇಳಿಸುತ್ತದೆ, ವಯಸ್ಸು ಕೇಳಿಸುತ್ತದೆ.